ಮೊದಲ ಮಾತು ಯಾರದು?

ತೂಬಗೆರೆಯ ಗ್ರಾಮ ಪಂಚಾಯಿತಿ ಸಭೆಯಲ್ಲಿ ಮಾತು ಚುನಾಯಿತರದು, ಗ್ರಾಮಸಭೆಯಲ್ಲಿ ಹಾಗಲ್ಲ. ಸಂವಿಧಾನದ 1992ರ 73ನೆಯ ತಿದ್ದುಪಡಿಯಂತೆ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಅದರ ಸದಸ್ಯರೇ. ಆದುದರಿಂದ ಅಲ್ಲಿ ಮಾತನಾಡುವುದು ಬೇಡಿ ಪಡೆಯುವ ಅನುಗ್ರಹವಲ್ಲ, ಹಕ್ಕು.

ಎಲ್ಲರೂ ಒಮ್ಮೆಗೇ ನುಡಿದರೆ ಯಾರ ಅಹವಾಲೂ ಕೇಳಿಸದು, ಕಾಲಮಿತಿ ಬೇಕು. ಆದರೆ ಪ್ರತಿಯೊಬ್ಬರಿಗೂ ಸಮನಾಗಿ 2 ನಿಮಿಷ ಅಳೆದುಕೊಟ್ಟೊಡನೆ ನ್ಯಾಯ ಮುಗಿಯಿತೇ? ಅಧ್ಯಕ್ಷರ ಮನೆಯ ಬಾಗಿಲು ಸದಾ ತೆರೆದಿರುವವನಿಗೆ ಸಭೆಯು ಹಲವು ದಾರಿಗಳಲ್ಲೊಂದು. ಹಿಂದಿನ ಸಾಲಿನಲ್ಲಿ ನಿಂತು ಕುಡಿಯುವ ನೀರು ಕೇಳುವ ಕೂಲಿಯ ಹೆಂಗಸಿಗೆ ಅದೊಂದೇ ದಾರಿ. ಗ್ರಾಮಸಭೆ ಸೇರುವುದು ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ. ಹೊತ್ತು ಮೀರಿ ಆಕೆಯ ಸರದಿ ತಪ್ಪಿದರೆ ಬಾಯಾರಿಕೆಯೂ ಅಷ್ಟೇ ಕಾಲ ಕಾಯಬೇಕು. ಬೇರೆ ಬಾಗಿಲಿಲ್ಲದವರಿಗೆ ಮೊದಲ ಸರದಿ ಕೊಡುವುದು, ಅವರ ಮಾತನ್ನು ನಡವಳಿ ಪುಸ್ತಕದಲ್ಲಿ ಬರೆದುಕೊಳ್ಳುವುದು: ಇದೇ ಸಭಾಧರ್ಮ.