ಯಾರ ಸಾವನ್ನು ನೆನೆಯಬೇಕು?

ಸಾವನ್ನು ನೆನೆಯುತ್ತ ಇದ್ದರೆ ಬದುಕು ಹಸನಾಗುತ್ತದೆ ಎಂಬ ಮಾತು ಹಳೆಯದು. ಮೊದಲು ಅದನ್ನು ಮಠದಲ್ಲೋ ಹರಿಕಥೆಯಲ್ಲೋ ಕೇಳುತ್ತಿದ್ದೆವು, ಈಗ ಮೊಬೈಲ್ ಆ್ಯಪ್‌ಗಳೂ ಹೇಳುತ್ತವೆ. ಎಂಬತ್ತು ವರ್ಷದ ಆಯುಸ್ಸನ್ನು ವಾರಗಳಿಗೆ ಇಳಿಸಿದರೆ ಸುಮಾರು 4,160 ಆಗುತ್ತದೆ. ಇಪ್ಪತ್ತೆಂಟರ ನಾನು ಆಗಲೇ 1,450ಕ್ಕೂ ಹೆಚ್ಚು ವಾರಗಳನ್ನು ಕಳೆದಿದ್ದೇನೆ. ಈ ಲೆಕ್ಕ ಸುಳ್ಳಲ್ಲ. ಆದರೆ ಅದನ್ನು ನೋಡಿದಾಗ ನನ್ನಲ್ಲಿ ಹುಟ್ಟುವುದು ಅವಸರ: ಪ್ರಬಂಧ ಮುಗಿಸಬೇಕು, ಕೆಲಸ ಹುಡುಕಬೇಕು, ಇನ್ನಷ್ಟು ಓದಬೇಕು. ಅವಸರದಿಂದ ಬದುಕಿಗೆ ಅರ್ಥ ಬರುತ್ತದೆಯೇ?

ನಾನು ಓದುತ್ತಿರುವುದು ಸತ್ತವರ ನೆನಪಿಗೆಂದು ಬರೆಸಿದ ಶಾಸನಗಳನ್ನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಸುಮಾರು 7ನೆಯ ಶತಮಾನದ ಒಂದು ಪದ್ಯವಿದೆ. ಹಳಗನ್ನಡದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದದ್ದು. ರೂಪ, ಸುಖ, ಸಂಪತ್ತುಗಳು ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ಯಾರ ಬಳಿಯೂ ನಿಲ್ಲುವುದಿಲ್ಲ ಎಂದು ಅರಿತ ನಂದಿಸೇನ ಮುನಿ ಸನ್ಯಸನದಿಂದ ದೇಹ ಬಿಟ್ಟ ಸಂಗತಿಯನ್ನು ಅದು ಹೇಳುತ್ತದೆ. ಯಾವುದೂ ನಿಲ್ಲದು, ಆದ್ದರಿಂದ ಎಲ್ಲವನ್ನೂ ಬಿಡು ಎಂಬುದು ಅಲ್ಲಿಯ ತರ್ಕ. ಚಾರ್ವಾಕರ ಹೆಸರಿನಲ್ಲಿ ಪ್ರಸಿದ್ಧವಾದ ಮಾತಿನ ತರ್ಕ ಇನ್ನೊಂದು: ಯಾವುದೂ ನಿಲ್ಲದು, ಆದ್ದರಿಂದ ಸಾಲ ಮಾಡಿಯಾದರೂ ತುಪ್ಪ ತಿನ್ನು. ಇಬ್ಬರೂ ಹೊರಟದ್ದು ಒಂದೇ ಕಡೆಯಿಂದ, ಮುಟ್ಟಿದ್ದು ಎದುರುಬದುರು ದಡಗಳನ್ನು. ಅಂದರೆ ಹೇಗೆ ಬದುಕಬೇಕೆಂದು ಸಾವು ತಾನಾಗಿ ಹೇಳುವುದಿಲ್ಲ. ನಾವು ಆಗಲೇ ಯಾವುದನ್ನು ದೊಡ್ಡದೆಂದು ನಂಬಿದ್ದೇವೋ ಅದರ ಕಡೆಗೆ ನಮ್ಮನ್ನು ಜೋರಾಗಿ ತಳ್ಳುತ್ತದೆ, ಅಷ್ಟೆ. ಪದವಿಯೇ ದೊಡ್ಡದೆಂದು ನಂಬಿದವನು ಸಾವನ್ನು ನೆನೆದು ಪದವಿಯ ಹಿಂದೆ ಇನ್ನೂ ವೇಗವಾಗಿ ಓಡುತ್ತಾನೆ.

ಮಹಾಭಾರತದ ಯಕ್ಷ ಅತ್ಯಂತ ಆಶ್ಚರ್ಯದ ಸಂಗತಿ ಯಾವುದೆಂದು ಕೇಳುತ್ತಾನೆ. ದಿನದಿನವೂ ಜೀವಿಗಳು ಯಮನ ಮನೆಗೆ ಹೋಗುತ್ತಿದ್ದರೂ ಉಳಿದವರು ತಾವು ಶಾಶ್ವತವೆಂದು ಬಯಸುತ್ತಾರಲ್ಲ, ಅದೇ ಆಶ್ಚರ್ಯ ಎನ್ನುತ್ತಾನೆ ಧರ್ಮರಾಯ. ಈ ಉತ್ತರವನ್ನು ನಾವು ಸಾಮಾನ್ಯವಾಗಿ 'ನಿನ್ನ ಸಾವನ್ನು ಮರೆಯಬೇಡ' ಎಂದು ಓದುತ್ತೇವೆ. ನನಗೆ ಅದರ ಮೊದಲ ಅರ್ಧ ಮುಖ್ಯವೆನ್ನಿಸುತ್ತದೆ. ನಮ್ಮ ಕಣ್ಣೆದುರು ನಡೆಯುವುದು ಬೇರೆಯವರ ಸಾವು. ನನ್ನ ಸಾವು ನನ್ನ ಅನುಭವಕ್ಕೆ ಬರುವುದೇ ಇಲ್ಲ, ಅದು ಬಂದಾಗ ನಾನಿರುವುದಿಲ್ಲ ಎಂದು ಗ್ರೀಸಿನ ಎಪಿಕ್ಯೂರಸ್ ಎಂದೋ ವಾದಿಸಿದ್ದ. ನನ್ನ ಬದಲು ಇನ್ನೊಬ್ಬರು ಸಾಯಲಾರರು, ಆದ್ದರಿಂದ ಸಾವಿನ ಅರಿವೇ ನನ್ನ ಬದುಕನ್ನು ನನ್ನದಾಗಿಸುತ್ತದೆ ಎಂಬ ದಾರಿಯಲ್ಲಿ 1927ರಲ್ಲಿ ಹೈಡೆಗರ್ ಯೋಚಿಸಿದ. ದೊಡ್ಡ ಮಾತು, ನಿಜ. ಆದರೆ ಆ ದಾರಿಯಲ್ಲಿ ನಡೆಯುವವನು ಒಂಟಿ.

ಕಲ್ಲುಗಳು ಒಂಟಿಯಲ್ಲ. ಸತ್ತವರು ತಮ್ಮ ಕಲ್ಲನ್ನು ತಾವೇ ನಿಲ್ಲಿಸಲಾರರು. ಅಲ್ಲಿ ಯಾವಾಗಲೂ ಉಳಿದವರೊಬ್ಬರು ಇರುತ್ತಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು 949–50ರದು. ಗಂಗರ ಬೂತುಗನ ಆಳು ಮಣಲೇರ, ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ 'ಕಾಳಿ' ಎಂಬ ನಾಯಿಯನ್ನು ಕೇಳಿ ಪಡೆದ. ಆ ನಾಯಿ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಏರ್ಪಾಡು ಮಾಡಿದರು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂದು ನಾಯಿಯ ಸಾವು ಯಾರನ್ನೋ ಅಷ್ಟು ತಡೆದು ನಿಲ್ಲಿಸಿತ್ತು.

ಊರಿನಲ್ಲಿರುವ ನನ್ನ ಅಜ್ಜಿಗೆ ಎಂಬತ್ತಾರು. ಫೋನಿನಲ್ಲಿ ಪ್ರತಿಸಲವೂ ಜಾತ್ರೆಯಲ್ಲಿ ಎಮ್ಮೆ ಕೊಂಡ ಕಥೆಯನ್ನೇ ಹೇಳುತ್ತಾಳೆ. ನನ್ನ ವಾರಗಳು ಕಡಿಮೆ ಎಂದು ನೆನೆದರೆ ಆ ಕಥೆ ಸಮಯ ಹಾಳು. ಅವಳ ವಾರಗಳು ಕಡಿಮೆ ಎಂದು ನೆನೆದರೆ ಎಮ್ಮೆಯ ಬಣ್ಣವೇನು, ಹಗ್ಗ ಹಿಡಿದವರು ಯಾರು ಎಂದು ನಾನೇ ಕೇಳುತ್ತೇನೆ. ತಿಳಿದ ಸತ್ಯ ಒಂದೇ, ಆದರೆ ಮೊದಲನೆಯದು ಓಡಿಸುತ್ತದೆ, ಎರಡನೆಯದು ಕೂರಿಸುತ್ತದೆ.

ಎದುರಿಗೆ ಬಂದವರನ್ನೆಲ್ಲ ಸಾಯುವವರೆಂದು ನೋಡಿದರೆ ಬದುಕು ಸೂತಕದ ಮನೆಯಾಗುವುದಿಲ್ಲವೇ ಎಂದು ನೀವು ಕೇಳಬಹುದು. ಎಲ್ಲರಿಗೂ ಹೊತ್ತು ಕೊಟ್ಟರೆ ನಮ್ಮ ಕೆಲಸ ಮಾಡುವವರು ಯಾರು ಎಂದೂ ಕೇಳಬಹುದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಎಲ್ಲರಿಗೂ ಹೊತ್ತು ಕೊಡುವುದು ಯಾರಿಂದಲೂ ಆಗದು. ಎಷ್ಟು ಕೊಡಬೇಕೆಂಬ ಅಳತೆಯನ್ನು ಈ ಅರಿವು ಹೇಳಿಕೊಡುವುದೂ ಇಲ್ಲ. ಆದರೆ ಎದುರಿನವರು ನಾಳೆಯೂ ಇದ್ದೇ ಇರುತ್ತಾರೆಂಬ ಲೆಕ್ಕದ ಮೇಲೆ ನಾವು ಮುಂದೂಡುವ ಮಾತುಗಳಿವೆಯಲ್ಲ, ಅವುಗಳ ಆಧಾರವನ್ನೇ ಅದು ಕಿತ್ತುಹಾಕುತ್ತದೆ. ಕೇಳಬೇಕಾದ ಕ್ಷಮೆ, ಹೇಳಬೇಕಾದ ಮೆಚ್ಚುಗೆ, ಸುಮ್ಮನೆ ಹೋಗಿ ಕೂರಬೇಕಾದ ಒಂದು ಮಧ್ಯಾಹ್ನ. ಕಲ್ಲು ನಿಲ್ಲಿಸಿದವರಿಗೆ ಆ ಅವಕಾಶ ಮುಗಿದುಹೋಗಿತ್ತು. ನಮ್ಮಲ್ಲಿ ಹಲವರಿಗೆ ಇನ್ನೂ ಮುಗಿದಿಲ್ಲ.