ಗಣಿ ಮುಚ್ಚಿದ ಮೇಲೆ ಹುಟ್ಟಿದವರ ಬಾಕಿ

ಕೋಲಾರದ ಚಿನ್ನದ ಗಣಿಗಳಿಗೆ ಬೀಗ ಬಿದ್ದದ್ದು 2001ರ ಫೆಬ್ರವರಿ 28ರಂದು. ಆ ದಿನ ಕೆಲಸ ಕಳೆದುಕೊಂಡವರ ಹೆಸರುಗಳು ಕಂಪನಿಯ ದಫ್ತರಿನಲ್ಲಿದ್ದವು. ಯಾರಿಗೆ ಎಷ್ಟು ಸೆಟ್ಲ್‌ಮೆಂಟ್, ಯಾವ ಕ್ವಾರ್ಟರ್ಸ್ ಯಾರ ಪಾಲಿಗೆ ಎಂಬ ವ್ಯಾಜ್ಯ ಮುಂದೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ಲೆಕ್ಕದಲ್ಲಿ ಮಕ್ಕಳಿರಲಿಲ್ಲ. ನಂದಿದುರ್ಗ, ಊರ್‌ಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆಯ ಗಣಿ ಕಾರ್ಮಿಕರ ಲೈನ್ ಮನೆಗಳಿಂದ ಇಂದು ಶಾಲೆಗೆ ಹೊರಡುವ ಮಕ್ಕಳೆಲ್ಲ ಗಣಿ ಮುಚ್ಚಿದ ಮೇಲೆ ಹುಟ್ಟಿದವರು. ಅವರ ಅಪ್ಪಂದಿರಲ್ಲೂ ಬಹಳ ಮಂದಿ ಒಮ್ಮೆಯೂ ಶಾಫ್ಟಿಗೆ ಇಳಿದವರಲ್ಲ. ಹೀಗಿರುವಾಗ ಗಣಿ ಈ ಮಕ್ಕಳಿಗೆ ಏನಾದರೂ ಕೊಡಬೇಕಿದೆಯೇ? ಕೊಡಬೇಕಿದೆ, ಮತ್ತು ಅದನ್ನು ಬಾಕಿಯೆಂದೇ ಕೇಳಬೇಕು ಎಂಬುದು ನನ್ನ ವಾದ.

ಬಡ ಮಕ್ಕಳ ಪರವಾಗಿ ಮಾತಾಡುವಾಗ ನಾವು ಸಾಮಾನ್ಯವಾಗಿ ಹಿಡಿಯುವ ದಾರಿ ಎರಡು. ಒಂದು ಕರುಣೆ. ಕರುಣೆಗೆ ಎದುರಿಗೊಂದು ಅಳುವ ಮುಖ ಬೇಕು. ಮುಖ ಮರೆಯಾದರೆ ಅದೂ ಮರೆಯಾಗುತ್ತದೆ. ಕೊಡುವವನ ಮನಸ್ಸು ಬದಲಾದರೆ ಪಡೆಯುವವನಿಗೆ ಕೇಳುವ ಬಾಯಿಯೇ ಇರುವುದಿಲ್ಲ. ಇನ್ನೊಂದು ನಾಳೆಯ ಆಸೆ. ಇಂದಿನ ಮಕ್ಕಳೇ ನಾಳಿನ ಪ್ರಜೆಗಳು ಎಂದು ಎಷ್ಟೋ ಶಾಲೆಗಳ ಗೋಡೆಯ ಮೇಲೆ ಬರೆದಿರುತ್ತದೆ. ಸದುದ್ದೇಶದ ಮಾತು, ಆದರೆ ಅದರೊಳಗೆ ಒಂದು ಕ್ರೌರ್ಯವಿದೆ. ಮುಂದೆ ದುಡಿಯಲಾರದ ಮಗು, ಅಂಗವೈಕಲ್ಯವಿರುವ ಮಗು, ಆಯುಷ್ಯವೇ ಕಡಿಮೆಯಿರುವ ಮಗು ಈ ತರ್ಕದಲ್ಲಿ ಎಲ್ಲಿ ನಿಲ್ಲುತ್ತದೆ? ಹತ್ತು ವರ್ಷದ ಹುಡುಗಿ ಇಂದೇ ಪ್ರಜೆ. ಅವಳ ಹಸಿವು, ಅವಳ ಕೆಮ್ಮು, ಅವಳ ಆಟ ಎಲ್ಲವೂ ಇಂದಿನವು. ವಾರ್ಸಾದಲ್ಲಿ ಯಹೂದಿ ಅನಾಥ ಮಕ್ಕಳ ಮನೆ ನಡೆಸುತ್ತಿದ್ದ ವೈದ್ಯ ಯಾನುಷ್ ಕೋರ್ಚಾಕ್, ಮಗುವಿಗೆ ತನ್ನ ಇಂದಿನ ದಿನದ ಮೇಲೆ ಹಕ್ಕಿದೆ ಎಂದು ಪ್ರತಿಪಾದಿಸಿದವನು. 1942ರ ಆಗಸ್ಟ್‌ನಲ್ಲಿ ನಾಜಿಗಳು ಆ ಮಕ್ಕಳನ್ನು ಟ್ರೆಬ್ಲಿಂಕಾಕ್ಕೆ ಸಾಗಿಸಿದಾಗ, ತಾನು ತಪ್ಪಿಸಿಕೊಳ್ಳಬಹುದಾಗಿದ್ದರೂ ಅವರ ಜೊತೆಗೇ ಹೋದ. ಆ ಮಕ್ಕಳಿಗೆ ನಾಳೆ ಇರಲಿಲ್ಲ. ಅಷ್ಟಕ್ಕೆ ಅವರ ಹಕ್ಕು ಕಡಿಮೆಯಾಯಿತೆಂದು ಯಾರೂ ಹೇಳಲಾರರು.

ಇನ್ನು ಬಾಕಿಯ ಮಾತು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದಾಗ ಕಲ್ಲು, ಕುರುಚಲು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಕೂಲಿಕಾರರು ಬಂದರು; ಬಹುಪಾಲು ದಲಿತರು, ಊರಿನ ಜಾತಿಯ ಕಾಟದಿಂದ ಬಿಡುಗಡೆ ಬಯಸಿದವರು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಈ ಗಣಿಗಳಿಗೆ ಹರಿಯಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂದಿದೆ ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ಅದರ ಲಾಭ ಲಂಡನ್ನಿನ ಷೇರುದಾರರಿಗೆ ಹೋಯಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಹಿಸಿಕೊಂಡಿತು, 1962ರಲ್ಲಿ ಅದು ಕೇಂದ್ರದ ಕೈಗೆ ಬಂತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಕೆಳಗಿಳಿದವರಿಗೆ ಕೂಲಿ ಸಿಕ್ಕಿತು, ಅನೇಕರಿಗೆ ಕೂಲಿಯ ಜೊತೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಕೂಡ.

ಊರಿನಲ್ಲಿ ಉಳಿದದ್ದು ಸೈನೈಡ್ ಗುಡ್ಡಗಳು. ಚಿನ್ನ ತೆಗೆದ ಮೇಲೆ ಸುರಿದ ಬೂದುಮಣ್ಣಿನ 13 ದಿಬ್ಬಗಳು, ಮೂರು ಕೋಟಿ ಟನ್ನಿಗೂ ಹೆಚ್ಚು. ಸಿನಿಮಾದವರಿಗೆ ಅವು ಒಳ್ಳೆಯ ಹಿನ್ನೆಲೆ. ಗಾಳಿ ಬೀಸುವ ತಿಂಗಳುಗಳಲ್ಲಿ ಆ ಧೂಳು ಮನೆಯೊಳಗಿನ ಅನ್ನದ ಪಾತ್ರೆಯ ಮೇಲೂ ಕೂರುತ್ತದೆ. ನನ್ನ ವಾದದ ತಿರುಳು ಇಲ್ಲಿದೆ. ಗಣಿಯ ಆಸ್ತಿ ಮಕ್ಕಳಿಗೆ ಬರಲಿಲ್ಲ, ಗಣಿಯ ಹೊರೆ ಮಾತ್ರ ಬಂತು; ಅದಕ್ಕೆ ಯಾರೂ ಅವರ ಸಹಿ ಕೇಳಲಿಲ್ಲ. ಸಹಿಯಿಲ್ಲದೆ ಹೊರೆ ತಲೆಮಾರು ದಾಟಿ ಬರಬಹುದಾದರೆ, ಸಹಿಯಿಲ್ಲದೆ ಹಕ್ಕೂ ದಾಟಿ ಬರಬೇಕು. ಆಗ ಹುಟ್ಟಿರಲಿಲ್ಲ ಎಂಬ ಕಾರಣಕ್ಕೆ ಇವರು ಲೆಕ್ಕಕ್ಕಿಲ್ಲ ಎನ್ನುವುದಾದರೆ, ಅದೇ ಕಾರಣಕ್ಕೆ ಧೂಳೂ ಇವರನ್ನು ಬಿಡಬೇಕಿತ್ತು.

ಮುಚ್ಚಿದ ಕಾರ್ಖಾನೆಗಳು ದೇಶದ ತುಂಬ ಇವೆ, ಎಲ್ಲರ ಮೊಮ್ಮಕ್ಕಳಿಗೂ ಸರ್ಕಾರ ಬಾಕಿ ಕೊಡುತ್ತಾ ಕೂರಲಾದೀತೇ ಎಂದು ಕೇಳುವವರಿದ್ದಾರೆ. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಬಟ್ಟೆಯ ಗಿರಣಿ ಮುಚ್ಚಿದ ಜಾಗದಲ್ಲಿ ಇನ್ನೊಂದು ಉದ್ಯೋಗ ಬರಬಹುದು. ನೆಲದಿಂದ ತೆಗೆದ ಚಿನ್ನ ಮತ್ತೆ ಬೆಳೆಯುವುದಿಲ್ಲ. ಗಣಿಗಾಗಿಯೇ ಹುಟ್ಟಿದ ಈ ಊರಿನಲ್ಲಿ ಮನೆ, ನೀರು, ಆಸ್ಪತ್ರೆ ಎಲ್ಲಕ್ಕೂ ಕಂಪನಿಯನ್ನೇ ನೆಚ್ಚಿಕೊಳ್ಳಬೇಕಿತ್ತು. ಹೀಗಾಗಿ ಗಣಿಯ ಜೊತೆ ಗಣಿಯ ಆಸ್ಪತ್ರೆಯೂ ಬಾಗಿಲು ಹಾಕಿತು. ಕೋವಿಡ್‌ನ ಎರಡನೇ ಅಲೆ ಬಂದಾಗ ಸ್ವಯಂಸೇವಕರು ಅದನ್ನು ಗುಡಿಸಿ ತೊಳೆದು ಬಳಕೆಗೆ ತರಬೇಕಾಯಿತು. ಸಾಲಗಾರ ಸತ್ತುಹೋದ ಎನ್ನುವಂತೆಯೂ ಇಲ್ಲ. ಕೊನೆಯ ಮಾಲೀಕ ಭಾರತ ಸರ್ಕಾರ, ಅದು ಇನ್ನೂ ಇದೆ.

ಗಣಿಯ ಹೊರೆ ಹೊತ್ತವರಿಗೆ ಪಾಲು ಸಲ್ಲಬೇಕೆಂಬ ತತ್ತ್ವವನ್ನು ಕಾನೂನು ಈಗಾಗಲೇ ಒಪ್ಪಿಕೊಂಡಿದೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಪ್ರತಿ ಗಣಿ ಜಿಲ್ಲೆಗೂ ಖನಿಜ ಪ್ರತಿಷ್ಠಾನ ಬಂತು. ಗಣಿ ಗುತ್ತಿಗೆದಾರರು ಅದಕ್ಕೆ ಕಟ್ಟುವ ಹಣದ ದೊಡ್ಡ ಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆಯರು ಮತ್ತು ಮಕ್ಕಳ ಕಲ್ಯಾಣದಂಥ ಬಾಬುಗಳಿಗೆ ಹೋಗಬೇಕು. 2001ರಲ್ಲೇ ನಿಂತ ಗಣಿಯಿಂದ ಈ ಲೆಕ್ಕಕ್ಕೆ ಬಿಡಿಗಾಸೂ ಬರಲಿಲ್ಲ. ಆದರೆ 2024ರ ಜೂನ್‌ನಲ್ಲಿ, ಆ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಮೂರು ತಲೆಮಾರು ಉಸಿರಾಡಿದ ಧೂಳಿಗೆ ಈಗ ಬೆಲೆ ಬಂದಿದೆ. ಬಾಕಿ ಕೇಳಲು ಇದಕ್ಕಿಂತ ಸರಿಯಾದ ಹೊತ್ತು ಇನ್ನೊಂದಿಲ್ಲ.

ಕೇಳಬೇಕಾದದ್ದು ಯಾರಿಗಾಗಿ ಎಂದು ಸ್ಪಷ್ಟವಾಗಿರಬೇಕು. ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ನಸುಕಿನಲ್ಲೇ ಸಾವಿರಾರು ಜನ ಬೆಂಗಳೂರಿನ ರೈಲು ಹತ್ತುತ್ತಾರೆ, ಕತ್ತಲಾದ ಮೇಲೆ ಮರಳುತ್ತಾರೆ. ಮಕ್ಕಳು ಏಳುವಾಗಲೂ ಅಪ್ಪ ಅಮ್ಮ ಇಲ್ಲ, ಮಲಗುವಾಗಲೂ ಇಲ್ಲ; ಮನೆಯಲ್ಲಿ ಅಜ್ಜಿ ಇದ್ದರೆ ಪುಣ್ಯ. ಹದಿನಾಲ್ಕು ತುಂಬುವವರೆಗೆ ಶಿಕ್ಷಣ ಹಕ್ಕು ಕಾಯ್ದೆ ಕೈ ಹಿಡಿದಿರುತ್ತದೆ, ಆಮೇಲೆ ಬಿಡುತ್ತದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹದಿನಾಲ್ಕರಿಂದ ಹದಿನೆಂಟರವರನ್ನು ಅಪಾಯಕಾರಿ ಕೆಲಸಗಳಿಂದ ಮಾತ್ರ ದೂರವಿಡುತ್ತದೆ. ಉಳಿದ ಕೆಲಸಗಳಿಗೆ ಬೆಂಗಳೂರಿನ ರೈಲು ಕಾದೇ ಇದೆ. ಹದಿನೆಂಟರವರೆಗೂ ಮಗು ಎಂದು ಒಪ್ಪುವ ದೇಶ, ಓದಿಸುವ ಹೊಣೆಯನ್ನು ಹದಿನಾಲ್ಕಕ್ಕೇ ಇಳಿಸಿಬಿಟ್ಟಿದೆ. ನನಗೆ ಅತ್ಯಂತ ಕಳವಳ ಹುಟ್ಟಿಸುವುದು ಈ ನಾಲ್ಕು ವರ್ಷಗಳ ಕಂದಕ. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದ ಹುಡುಗನ ಹೆಸರು ಆಮೇಲೆ ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ.

ಅವರ ಪರವಾಗಿ ನಾವು ಮಾತಾಡಿದರೆ ಸಾಕೇ ಎಂಬುದು ಕೊನೆಯ ತೊಡಕು. ಭಾರತ 1992ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆ, ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು ಎನ್ನುತ್ತದೆ. ಕರ್ನಾಟಕಕ್ಕೆ ಇದು ಹೊಸತಲ್ಲ. ದುಡಿಯುವ ಮಕ್ಕಳು ಭೀಮ ಸಂಘ ಕಟ್ಟಿಕೊಂಡರು, ಕುಂದಾಪುರದ ಕಡೆ ಮಕ್ಕಳ ಪಂಚಾಯಿತಿಗಳು ನಡೆದವು, ಮುಂದೆ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲೆಲ್ಲ ಮಕ್ಕಳ ಗ್ರಾಮಸಭೆ ರೂಢಿಗೆ ಬಂತು. ಪಟ್ಟಣದ ಲೈನ್ ಮನೆಗಳ ಮಕ್ಕಳಿಗೆ ಮಾತ್ರ ಗ್ರಾಮವೂ ಇಲ್ಲ, ಗ್ರಾಮಸಭೆಯೂ ಇಲ್ಲ. ಅವರಲ್ಲಿ ಬಹಳ ಮಂದಿಯ ಮನೆಮಾತು ತಮಿಳು. ಕನ್ನಡದ ಕಚೇರಿಯೊಳಗೆ ಅವರು ಅಂಜದೆ ಬಾಯಿಬಿಡುವಂತೆ ಮಾಡುವುದು ಕನ್ನಡಿಗರಾದ ನಮ್ಮ ಕರ್ತವ್ಯ, ಕನ್ನಡದ ದೊಡ್ಡತನವೂ ಹೌದು.

ಗಣಿ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಮುನ್ನ ಸ್ಥಳೀಯರ ಅಹವಾಲು ಕೇಳುವ ಪದ್ಧತಿ 1997ರಿಂದ ಇದೆ. ದಿಬ್ಬಕ್ಕೆ ಯಂತ್ರ ಹತ್ತುವ ಮೊದಲು ಅಂಥ ಸಭೆಯಲ್ಲಿ ನಂದಿದುರ್ಗದ, ಮಾರಿಕುಪ್ಪಂನ ಹದಿಹರೆಯದವರಿಗೆ ಕುರ್ಚಿ ಹಾಕಬೇಕು, ತಮಿಳಿನಲ್ಲಿ ಹೇಳಿದ್ದನ್ನೂ ನಡಾವಳಿಯಲ್ಲಿ ಬರೆದುಕೊಳ್ಳಬೇಕು. ಬರುವ ಹಣದಲ್ಲಿ ಅವರ ಹಾಸ್ಟೆಲಿಗೆ, ಪಿಯುಸಿ ಮತ್ತು ಐಟಿಐ ಓದಿಗೆ, ಶ್ವಾಸಕೋಶದ ತಪಾಸಣೆಗೆ ಇಂತಿಷ್ಟು ಪಾಲು ಎಂದು ಗುತ್ತಿಗೆಯ ಕರಾರಿನಲ್ಲೇ ನಮೂದಿಸಬೇಕು. ದಿಬ್ಬ ಅಗೆಯುವಾಗ ಏಳುವ ಧೂಳಿಗೆ ಯಾರು ಹೊಣೆ ಎಂಬುದನ್ನೂ ಅದೇ ಕರಾರು ಹೇಳಬೇಕು.