ಕಳೆದುಕೊಂಡವನ ತೂಬು

ಸಿಗಡಿ ಹೊಂಡಕ್ಕೆ ಬಿಳಿ ಚುಕ್ಕಿ ರೋಗ ಹೊಕ್ಕರೆ ಮದ್ದಿಲ್ಲ. ಸಿಗಡಿ ಮೇವು ಬಿಡುತ್ತದೆ, ಬದುವಿನ ಅಂಚಿಗೆ ಬಂದು ಸೋತಂತೆ ಆಡುತ್ತದೆ. ತಲೆಯ ಚಿಪ್ಪು ಬಿಡಿಸಿ ಬೆಳಕಿಗೆ ಹಿಡಿದರೆ ಬಿಳಿ ಮಚ್ಚೆಗಳು. ಮೂರರಿಂದ ಹತ್ತು ದಿನದೊಳಗೆ ಹೊಂಡವೇ ಖಾಲಿ.

ಆಗ ಮಾಲೀಕ ರಾತ್ರೋರಾತ್ರಿ ತೂಬು ತೆಗೆದು, ಸಿಕ್ಕಷ್ಟು ಬಾಚಿ, ಸುದ್ದಿ ಹಬ್ಬುವ ಮೊದಲೇ ಮಾರಲು ಹೊರಡುತ್ತಾನೆ. ನೀರು ಕಾಲುವೆ ಸೇರುತ್ತದೆ. ಪಕ್ಕದವನ ಪಂಪು ಎತ್ತುವುದೂ ಅದೇ ಕಾಲುವೆಯ ನೀರನ್ನು. ಇದನ್ನು ದುಷ್ಟತನ ಎನ್ನಲು ನನಗೆ ಬಾಯಿ ಬರುವುದಿಲ್ಲ. ಸಾಲ ತಂದು ಮರಿ ಬಿಟ್ಟವನಿಗೆ ಆ ರಾತ್ರಿ ಕಾಣುವುದು ಸಾಲವೊಂದೇ.

1990ರ ದಶಕದ ನಡುವೆ ನಮ್ಮ ಕರಾವಳಿಗಳಿಗೆ ಬಂದ ಈ ವೈರಸ್ ಕುಮಟಾದ ಗಜನಿಗಳನ್ನೂ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳನ್ನೂ, ಬಿಡಲಿಲ್ಲ. ಹೆಚ್ಚು ಸಿಗಡಿ ಬೆಳೆಯುವ ಆಂಧ್ರದಲ್ಲಿ 2000ದಲ್ಲಿ ಸಾಗರೋತ್ಪನ್ನ ರಫ್ತು ಪ್ರಾಧಿಕಾರವೂ ಏಷ್ಯಾ-ಪೆಸಿಫಿಕ್ ಜಲಕೃಷಿ ಕೇಂದ್ರಗಳ ಜಾಲವಾದ ನಾಕಾ ಸಂಸ್ಥೆಯೂ ಜೊತೆಗೂಡಿ ರೋಗ ತಡೆಯುವ ಕೆಲಸ ಶುರುಮಾಡಿದವು. ಗೋದಾವರಿ ಸೀಮೆಯ ಮೊಗಲ್ತೂರಿನಲ್ಲಿ ರೈತರು 'ಆಕ್ವಾ ಕ್ಲಬ್' ಕಟ್ಟಿಕೊಂಡರು. ತಳದ ಕಪ್ಪು ಕೆಸರು ತೆಗೆಯುವುದು, ವೈರಸ್ ಪತ್ತೆಯ ಪಿಸಿಆರ್ ಪರೀಕ್ಷೆಯಾದ ಮರಿಯನ್ನು ಒಟ್ಟಾಗಿ ತರಿಸುವುದು, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಿಡುವುದು. ಇವೆಲ್ಲ ಸುಲಭ. ಮಾಡಿದವನಿಗೇ ಲಾಭ.

ಕಷ್ಟದ ಕಟ್ಟಳೆ ಒಂದೇ: ರೋಗ ಬಂದರೆ ನೆರೆಯವರಿಗೆ ತಿಳಿಸು, ಬ್ಲೀಚಿಂಗ್ ಪೌಡರ್ ಹಾಕಿ ಶುದ್ಧಿಯಾಗುವ ತನಕ ನೀರು ಬಿಡಬೇಡ. ಆಗಲೇ ಎಲ್ಲ ಕಳೆದುಕೊಂಡವನು ಇನ್ನೂ ಏನೂ ಕಳೆದುಕೊಳ್ಳದವರಿಗಾಗಿ ಮತ್ತಷ್ಟು ಖರ್ಚು ಮಾಡಬೇಕು. ಯಾಕೆ ಮಾಡಿಯಾನು? ಮುಂದಿನ ಬೆಳೆಯಲ್ಲಿ ತಾನೂ ಪಕ್ಕದವನಾಗಬಹುದು ಎಂಬ ಲೆಕ್ಕ ಅರ್ಧ ಉತ್ತರ ಮಾತ್ರ. ಸಿಗಡಿಯ ಸಹವಾಸವೇ ಸಾಕೆಂದವನಿಗೆ ಮುಂದಿನ ಬೆಳೆಯೇ ಇಲ್ಲ. ಆದರೂ ಅವನನ್ನು ತಡೆಯುವುದು ನಾಳೆಯೂ ಅದೇ ಚಹಾದಂಗಡಿಯಲ್ಲಿ ಕೂರಬೇಕಾದ ಮುಖಗಳು ಎಂದು ನನಗನಿಸುತ್ತದೆ. ಒಂದೇ ಕಾಲುವೆಯವರ ಸಣ್ಣ ಗುಂಪಿಗೆ ಇರುವ ಬಲ ಇದು. ಕರಾವಳಿ ಜಲಕೃಷಿಗೆ 2005ರಲ್ಲಿ ಕಾನೂನೇನೋ ಬಂತು. ನಡುರಾತ್ರಿ ಬದುವಿನ ಮೇಲೆ ಅಧಿಕಾರಿ ನಿಂತಿರುವುದಿಲ್ಲ.

ಆದರೆ ಮುಖದಾಕ್ಷಿಣ್ಯದ ಮೇಲೆ ಎಷ್ಟು ಭಾರ ಹೇರುವುದು? ಗುಂಪಿನ ನಿಧಿಯಿಂದ ಮೊದಲು ಹಣ ಹೋಗಬೇಕಾದದ್ದು ನೀರು ತಡೆದು ನಿಂತವನಿಗೆ. ಬ್ಲೀಚಿಂಗ್ ಪೌಡರಿನ ಖರ್ಚನ್ನಾದರೂ ಉಳಿದವರು ಹಂಚಿಕೊಳ್ಳಲಿ.